ಕಲಬುರಗಿ, ಬೀದರ ಕಡಿ ಬಂದ್ರ ಹಳೇ ಮಿಠಾಯಿ ಅಂಗಡಿ ಹುಡುಕೋದು ಹೆಂಗ, ಏನ್ ತಗೋಬೇಕು, ಏನ್ ಬಿಡಬೇಕು

ಕಲಬುರಗಿ ಬಂದೇನವಾಜ್ ದರ್ಗಾಕ್ಕ ಬರ್ಲಾಕತ್ತೀವಿ, ಗಾಣಗಾಪುರಕ್ಕ ಹೊಂಟೀವಿ, ಬೀದರ ಕೋಟಿ ನೋಡ್ಲಾಕ ಹೊಂಟೀವಿ, ನಡುವ ಎರಡು ತಾಸು ಸಿಗ್ತದ, ಸಣ್ಣವರಿದ್ದಾಗ ತಿಂತಿದ್ದ ಬತ್ತಾಸ, ರೇವಡಿ, ಪೆಪ್ಪರಮೆಂಟು ಮಾರೋ ಹಳೇ ಅಂಗಡಿ ಎಲ್ಲಿ ಅವ ಹೇಳ್ರಿ ಅಂತ ಕೇಳೋರು ಭಾಳ ಆಗ್ಯಾರ. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳೋ ಬದಲಿ ಎಲ್ಲಾ ಒಂದೇ ಕಡಿ ಬರದೀನಿ. ಅಂಗಡಿ ಹೆಸರು ಬೇಕಂತಲೇ ಹಾಕಿಲ್ಲ. ಇವತ್ತು ಛಲೋ ಮಾಡೋ ಅಂಗಡಿಯವ್ರು ನಾಳೆ ಒಲಿ ಆರಿಸಿ ಹೊರಗಿನ ಮಾಲ್ ತಂದು ಇಡಬಹುದು, ಆಮ್ಯಾಲ ನೀವು ನನ್ನ ಬೈತೀರಿ. ಅದಕ್ಕ ಹೆಸರು ಬಿಟ್ಟು, ನೋಡಿ ಗುರ್ತ ಹಿಡಿಯೋದು ಹೆಂಗ ಅನ್ನೋದು ಹೇಳ್ತೀನಿ.

ಒಂದು ಮಾತು ಮೊದಲೇ ತಲಿಯಾಗ ಇಟ್ಕೋರಿ. ಅಂಗಡಿ ಅಜ್ಜನ ಕಾಲದ್ದಿರಬಹುದು, ಕಟ್ಟಿಗೆ ಕಪಾಟು, ಗಾಜಿನ ಬರಣಿ ಎಲ್ಲಾ ಇರಬಹುದು, ಆದ್ರ ಹಿಂದ ಒಲಿ ಹಚ್ಚಲಿಲ್ಲಂದ್ರ ಅಲ್ಲಿ ಸಿಗೋದು ನಿಮ್ಮೂರ ಕಿರಾಣಿ ಅಂಗಡಿಯಾಗೂ ಸಿಗ್ತದ. ಫೋಟೋ ಹೊಡೀಲಾಕ ಅಷ್ಟೇ ಹೋಗೋದಿದ್ರ ಅಡ್ಡಿ ಇಲ್ಲ. ತಿನ್ನಲಾಕ ಹೋಗೋದಿದ್ರ ಒಲಿ ಹುಡುಕ್ರಿ.

ಜತಿಗೆ ಏನ್ ಇರಬೇಕು ಅಂದ್ರ, ಗಾಳಿ ಹೋಗದಂಥ ಬಿಗಿ ಮುಚ್ಚಳದ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿ ಎರಡು (ಪೂರ್ತಿ ಒಣಗಿರಬೇಕು, ಒಂದು ಹನಿ ನೀರಿದ್ರೂ ಕೆಲಸ ಕೆಟ್ಟಂಗ), ಒಂದು ಅರಬಿ ಚೀಲ, ಕುಡಿಯೋ ನೀರು, ಚಿಲ್ಲರೆ ರೊಕ್ಕ. ಫೋನ್‌ಪೇ ಈಗ ಬಹಳ ಕಡಿ ನಡೀತದ, ಆದ್ರ ಜಾತ್ರಿ ಗದ್ದಲದಾಗ ನೆಟ್‌ವರ್ಕ್ ಕೈ ಕೊಡ್ತದ, ಹತ್ತು ಇಪ್ಪತ್ತರ ನೋಟು ಕಿಸೆದಾಗ ಇರ್ಲಿ.

1. ಯಾವ ತಿಂಗಳಾಗ ಬರ್ತೀರಿ ಅದು ನೋಡ್ಕೋರಿ

ಇದೇ ಎಲ್ಲಕ್ಕಿಂತ ದೊಡ್ಡ ವಿಷಯ, ಜನ ಇದನ್ನೇ ಬಿಡ್ತಾರ. ನಮ್ಮ ಕಡಿ ಸಕ್ರಿ ಮಿಠಾಯಿ ವರ್ಷಪೂರ್ತಿ ಒಂದೇ ಥರ ಇರಂಗಿಲ್ಲ, ಹಬ್ಬದ ಹಿಂದಿಂದ ನಡೀತದ. ಆಗಸ್ಟ್‌ನಾಗ ಬಂದು ಕುಸುರೆಳ್ಳು (ಎಳ್ಳಿನ ಮ್ಯಾಲ ಸಕ್ರಿ ಮುಳ್ಳು ಕೂಡಿಸಿದ್ದು) ಕೊಡ್ರಿ ಅಂದ್ರ ಅಂಗಡಿಯವ್ರು ನಗ್ತಾರ, ಇಲ್ಲಾಂದ್ರ ಜನವರಿದು ಉಳಿದಿದ್ದು ತಗದು ಕೊಡ್ತಾರ, ಎರಡನೇದು ಇನ್ನೂ ಕೆಟ್ಟದ್ದು.

ಸಂಕ್ರಾಂತಿ ಮುಂದ, ಅಂದ್ರ ಡಿಸೆಂಬರ್ ಕೊನಿ ವಾರದಿಂದ ಜನವರಿ ಅರ್ಧದ ತನಕ, ಕುಸುರೆಳ್ಳು, ರೇವಡಿ, ಶೇಂಗಾ ಚಿಕ್ಕಿ, ಎಳ್ಳಿನ ಉಂಡಿ ಎಲ್ಲಾ ತಾಜಾ ಇರ್ತಾವ. ಮುಂಗಾರಿ ಶೇಂಗಾ ಅಕ್ಟೋಬರ್ ನವೆಂಬರ್‌ದಾಗ ಮಾರ್ಕೆಟ್‌ಗೆ ಬರ್ತದ, ಹಂಗಾಗಿ ಆ ಹೊತ್ತಿನ ಚಿಕ್ಕಿಯಾಗ ಹೊಸಾ ಶೇಂಗಾ ಇರ್ತದ, ಆ ರುಚಿನೇ ಬ್ಯಾರೆ. ಚಳಿ ಬ್ಯಾರೆ ಇರ್ತದ, ಗಾಳಿ ಒಣ ಇರ್ತದ, ಸಕ್ರಿ ಪದಾರ್ಥ ಅಂಟಂಗಿಲ್ಲ. ನನ್ನ ಕೇಳಿದ್ರ ಇದೇ ಎಲ್ಲಕ್ಕಿಂತ ಛಲೋ ಟೈಮ್. ಯಾದಗಿರಿ ಹತ್ರ ಮೈಲಾಪುರದ ಮಲ್ಲಯ್ಯನ ಜಾತ್ರಿನೂ ಸಂಕ್ರಾಂತಿಗೇ ಆಗ್ತದ, ಹುಮನಾಬಾದದ ವೀರಭದ್ರೇಶ್ವರ ಜಾತ್ರಿನೂ ಜನವರಿಯಾಗೇ, ಎರಡೂ ಕಡಿ ಬೆಂಡು ಬತ್ತಾಸದ ಸಾಲು ಅಂಗಡಿ ಕೂಡ್ತಾವ.

ಹೋಳಿ ಹುಣ್ಣಿಮಿಗೆ ಸಕ್ರಿ ಸರ ಬರ್ತದ. ಸಕ್ರಿ ಪಾಕ ಅಚ್ಚಿಗೆ ಹೊಯ್ದು, ನಡುವ ದಾರ ಹಾಯಿಸಿ ಮಾಡಿದ ಹಾರ ಅದು, ಸಣ್ಣ ಹುಡುಗರ ಕೊಳ್ಳಾಗ ಹಾಕ್ತಾರ. ಹೋಳಿ ಆದ ಐದನೇ ದಿನ ಕಲಬುರಗಿ ಶರಣಬಸವೇಶ್ವರ ತೇರು, ಅದಾದ ಮ್ಯಾಲೂ ಜಾತ್ರಿ ಅಂಗಡಿ ಸುಮಾರು ದಿವಸ ಇರ್ತಾವ. ತೇರಿನ ದಿವಸ ಹೋಗಬ್ಯಾಡ್ರಿ, ಕಾಲಿಡಲಾಕ ಜಾಗ ಇರಂಗಿಲ್ಲ, ಅಂಗಡಿಯವನಿಗೆ ನಿಮ್ಮ ಜೋಡಿ ಮಾತಾಡ್ಲಾಕ ಪುರಸೊತ್ತೂ ಇರಂಗಿಲ್ಲ. ಎರಡು ಮೂರು ದಿವಸ ಬಿಟ್ಟು ಮುಂಜಾನಿ ಹೋಗ್ರಿ.

ಗೌರಿ ಹುಣ್ಣಿಮಿಗೆ, ಅಂದ್ರ ದೀಪಾವಳಿ ಆದ ಮ್ಯಾಲ ಬರೋ ಕಾರ್ತಿಕ ಹುಣ್ಣಿಮಿಗೆ, ಸಕ್ರಿ ಆರತಿ ಮಾಡ್ತಾರ. ಆನಿ, ಕುದರಿ, ನವಿಲು, ತೇರು, ಗೋಪುರ, ಹಿಂಗ ಕಟ್ಟಿಗೆ ಅಚ್ಚಿನಾಗ ಹೊಯ್ದ ಸಕ್ರಿ ಗೊಂಬಿ. ಹುಡುಗಿಯರು ತಾಟಿನಾಗ ಇಟ್ಕೊಂಡು ಆರತಿ ಬೆಳಗ್ಲಾಕ ಹೋಗ್ತಾರ.

ಬಂದೇನವಾಜ್ ದರ್ಗಾದ ಉರುಸು (ವರ್ಷದ ಜಾತ್ರಿ) ಇಸ್ಲಾಮಿ ಕ್ಯಾಲೆಂಡರ್‌ನ ಜಿಲ್ಕಾದ್ ತಿಂಗಳ 15, 16, 17ಕ್ಕ ಆಗ್ತದ. ಆ ಕ್ಯಾಲೆಂಡರ್ ಚಂದ್ರನ ಲೆಕ್ಕದ್ದು, ಹಂಗಾಗಿ ನಮ್ಮ ಇಂಗ್ಲಿಷ್ ತಾರೀಖಿನ ಪ್ರಕಾರ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರ್ತದ. ಹೋದ ವರ್ಷದ ತಾರೀಖು ನೋಡಿ ಟಿಕೆಟ್ ಬುಕ್ ಮಾಡೋರು ಅದಾರ, ಅದು ಮಾಡಬ್ಯಾಡ್ರಿ.

ಮಳಿಗಾಲದಾಗ ಬಂದ್ರ? ಬರ್ರಿ, ಆದ್ರ ಬತ್ತಾಸ ರೇವಡಿ ಆಸೆ ಸ್ವಲ್ಪ ಕಡಿಮಿ ಮಾಡ್ಕೋರಿ. ಸಕ್ರಿ ಗಾಳಿಯಾಗಿನ ತೇವ ಎಳ್ಕೋತದ, ಗರಿಗರಿ ಇದ್ದದ್ದು ಸಂಜಿಕ ಅಂಟಂಟಾಗ್ತದ. ಆ ಹೊತ್ತಿನಾಗ ಬಿಸಿ ಜಿಲೇಬಿ, ಮಾಲ್ಪುರಿ ಇಂಥವು ತಿಂದು ಹೋಗೋದು ಛಲೋ.

2. ಬಜಾರ್ ಯಾವುದು

ಕಲಬುರಗಿಯಾಗ ಕಿರಾಣಾ ಬಜಾರ್, ಸರಾಫ್ ಬಜಾರ್, ಚೌಕ್ ಈ ಸುತ್ತಿನ ಹಳೇ ಗಲ್ಲಿ, ಆಮ್ಯಾಲ ದರ್ಗಾದ ಹಾದಿ, ಶರಣಬಸವೇಶ್ವರ ಗುಡಿ ಸುತ್ತಿನ ಅಂಗಡಿ. ಸೂಪರ್ ಮಾರ್ಕೆಟ್ ಅಂತ ಆಟೋದವ್ರು ಹೇಳ್ತಾರಲ್ಲ, ಅದು ಏಸಿ ಇರೋ ಮಾಲ್ ಅಲ್ರಿ, ಒಂದು ಇಡೀ ಮಾರ್ಕೆಟ್ ಏರಿಯಾದ ಹೆಸರು. ಅಲ್ಲಿ ಇಳದು ನಡಕೊಂಡು ಒಳಗ ಹೋಗ್ರಿ, ಕಾರು ಒಯ್ಯಬ್ಯಾಡ್ರಿ, ಹಳೇ ಗಲ್ಲಿಯಾಗ ತಿರುಗಿಸಲಾಕ ಬರಂಗಿಲ್ಲ.

ಬೀದರದಾಗ ಚೌಬಾರಾ ಹಿಡಕೋರಿ. ನಡುವ ಎತ್ತರಕ್ಕ ನಿಂತಿರೋ ಆ ದುಂಡ ಗೋಪುರದಿಂದ ನಾಲ್ಕೂ ಕಡಿ ಹಾದಿ ಹೋಗ್ತಾವ, 1472ರಾಗ ಕಟ್ಟಿದ ಮಹಮೂದ್ ಗಾವಾನ್ ಮದರಸಾನೂ ಅಲ್ಲೇ ನಡಕೊಂಡು ಹೋಗೋ ದೂರದಾಗ ಅದ, ಎರಡೂ ಕೂಡೇ ಆಗ್ತದ. ಕಲಬುರಗಿಯಿಂದ ಬೀದರಕ್ಕ 2017ರಾಗ ರೈಲ್ವೆ ಲೈನ್ ಆದ ಮ್ಯಾಲ ಒಂದೇ ದಿನದಾಗ ಎರಡೂ ಊರು ನೋಡ್ತೀವಿ ಅನ್ನೋರು ಜಾಸ್ತಿ ಆಗ್ಯಾರ. ನೋಡಬಹುದು, ಆದ್ರ ಟ್ರೇನ್ ಕಡಿಮಿ ಅವ, ಟೈಮ್ ನೋಡ್ಕೊಂಡು ಹೊಂಡ್ರಿ, ತಪ್ಪಿದ್ರ ಬಸ್ಸೇ ಗತಿ.

ಯಾದಗಿರಿ ಸಣ್ಣ ಊರು, ಕೋಟಿ ಗುಡ್ಡದ ಕೆಳಗ ಹಳೇ ಪ್ಯಾಟಿ ಅದ, ಹುಡುಕೋದು ತ್ರಾಸ ಇಲ್ಲ.

ಅಂಗಡಿ ಸಿಗಲಿಲ್ಲಂದ್ರ ಮೊಬೈಲ್ ಮ್ಯಾಪ್ ನೋಡ್ಕೋತ ನಿಂದ್ರಬ್ಯಾಡ್ರಿ. ಪೂಜಾ ಸಾಮಾನು ಮಾರೋ ಅಂಗಡಿಗೆ ಹೋಗಿ, ಊದಿನಕಡ್ಡಿ ಒಂದು ಪಾಕೀಟು ತಗೊಂಡು, ಬತ್ತಾಸ ಎಲ್ಲಿಂದ ತರ್ತೀರಿ ಕಾಕಾ ಅಂತ ಕೇಳ್ರಿ. ಮಾಡೋರ ಮನಿಗೇ ಹಾದಿ ತೋರಿಸ್ತಾರ. ಯಾಕಂದ್ರ ಬತ್ತಾಸ ಜಾಸ್ತಿ ಖರ್ಚಾಗೋದು ಗುಡಿಗೆ, ದರ್ಗಾಕ್ಕ, ಲಗ್ನಕ್ಕ.

3. ಹೊತ್ತು

ಮುಂಜಾನಿ ಹತ್ತರಿಂದ ಹನ್ನೆರಡು ಇಲ್ಲಾಂದ್ರ ಸಂಜಿ ಐದರ ಮ್ಯಾಲ. ಏಪ್ರಿಲ್ ಮೇದಾಗ ಇಲ್ಲಿ ಬಿಸಲು 40 ಡಿಗ್ರಿ ದಾಟ್ತದ, ಮಧ್ಯಾಹ್ನ ಅಂಗಡಿಯವ್ರೂ ಅರ್ಧ ಬಾಗಲ ಹಾಕ್ಕೊಂಡು ಮಲಗ್ತಾರ. ಶುಕ್ರವಾರ ಮಧ್ಯಾಹ್ನ ನಮಾಜ್ ಹೊತ್ತಿಗೆ ಕೆಲವು ಅಂಗಡಿ ಬಂದ್ ಇರ್ತಾವ, ಅಮಾಸಿಗೂ ಕೆಲವ್ರು ತಗಿಯಂಗಿಲ್ಲ.

4. ಒಳಗ ಹೋದ ಮ್ಯಾಲ ಮಾತು ಹೆಂಗ

ವಯಸ್ಸಾದವ್ರಿದ್ರ ಕಾಕಾ ಅನ್ರಿ, ಚಾಚಾ ಅನ್ರಿ, ಸಾವಕಾರ್ರ ಅಂದ್ರೂ ನಡೀತದ. ಕನ್ನಡ, ದಖ್ಖನಿ ಉರ್ದು ಎರಡೂ ನಡೀತಾವ, ಬೀದರ ಕಡಿ ಮರಾಠಿನೂ. ಹೋದ ಕೂಡ್ಲೇ ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಬ್ಯಾಡ್ರಿ. ಮೊದಲು ಪಾವ್ ಕಿಲೋ ಏನರ ತಗೋರಿ (ಪಾವ್ ಕಿಲೋ ಅಂದ್ರ ಕಾಲು ಕಿಲೋ, 250 ಗ್ರಾಮ್), ಆಮ್ಯಾಲ ಫೋಟೋ ಹೊಡೀಲೇನ್ರಿ ಅಂತ ಕೇಳ್ರಿ.

ಕೇಳಬೇಕಾದ ಪ್ರಶ್ನಿ ಒಂದೇ. "ಇದರಾಗ ನೀವೇ ಮಾಡಿದ್ದು ಯಾವುದು?" ಛಲೋ ಅಂಗಡಿಯವ್ರು ಒಂದು ಕ್ಷಣನೂ ತಡ ಮಾಡಂಗಿಲ್ಲ, ಇದು ನಂದು, ಇದು ಹೈದ್ರಾಬಾದದ್ದು, ಇದು ಸೊಲ್ಲಾಪುರದ್ದು ಅಂತ ಬೊಟ್ಟು ಮಾಡಿ ಹೇಳ್ತಾರ. ಎಲ್ಲಾ ನಮ್ಮದೇರಿ, ಎಲ್ಲಾ ಇವತ್ತಿಂದೇರಿ ಅಂದ್ರ ಸ್ವಲ್ಪ ಹುಷಾರ್. ಒಂದು ಒಲಿ ಮ್ಯಾಲ ಒಂದೇ ದಿನ ಇಪ್ಪತ್ತು ಥರ ಯಾರ ಕೈಲೂ ಆಗಂಗಿಲ್ಲ.

ಮಾಡೋದು ನೋಡ್ತೀನಿ ಅಂತ ಕೇಳ್ರಿ. ಕೆಲವ್ರು ಬ್ಯಾಡ ಅಂತಾರ, ಬಿಟ್ಟುಬಿಡ್ರಿ. ಒಳಗ ಬಿಟ್ರ ದೂರ ನಿಂದ್ರಿ, ಹುಡುಗರ ಕೈ ಬಿಗಿ ಹಿಡಕೋರಿ, ಕುದಿಯೋ ಪಾಕ ಕುದಿಯೋ ನೀರಿಗಿಂತ ಭಾಳ ಜಾಸ್ತಿ ಸುಡ್ತದ, ಗಟ್ಟಿ ಗೋಳಿ ಮಾಡೋ ಪಾಕ ಸುಮಾರು 150 ಡಿಗ್ರಿ ತನಕ ಹೋಗಿರ್ತದ, ಮ್ಯಾಲ ಸಿಡಿದ್ರ ಚರ್ಮಕ್ಕ ಅಂಟ್ಕೋತದ.

ಬತ್ತಾಸ ಮಾಡೋದು ಸಿಕ್ರ ಮಾತ್ರ ಬಿಡಬ್ಯಾಡ್ರಿ. ಸಕ್ರಿಗೆ ನೀರು ಹಾಕಿ ಕುದಿಸ್ತಾರ, ನಡುವ ಒಂದು ಸ್ವಲ್ಪ ಹಾಲು ಹೊಯ್ತಾರ, ಹಾಲು ಒಡದು ಸಕ್ರಿಯಾಗಿನ ಹೊಲಸೆಲ್ಲಾ ಹಿಡಕೊಂಡು ಕರಿ ನೊರಿ ಆಗಿ ಮ್ಯಾಲ ಬರ್ತದ, ಅದನ್ನ ಜಾಳಿಗಿ ಸೌಟಿನಿಂದ ತಗದು ಚೆಲ್ತಾರ. ಪಾಕ ಹದಕ್ಕ ಬಂದ ಮ್ಯಾಲ ಚಿಟಿಕಿ ಸೋಡಾ ಬೀಳ್ತದ, ಭುಸ್ ಅಂತ ಉಬ್ಬಿ ಬೆಳ್ಳಗಾಗ್ತದ. ಆಮ್ಯಾಲ ಹಿಡಿಕಿ ಇರೋ ಸಣ್ಣ ಭಾಂಡಿಯಾಗ ತುಂಬ್ಕೊಂಡು, ಒಂದು ಕೈಯಾಗ ಭಾಂಡಿ ಬಗ್ಗಿಸ್ಕೋತ, ಇನ್ನೊಂದು ಕೈಯಾಗ ಕಡ್ಡಿಲಿಂದ ಹನಿ ಕಡೀಕೋತ, ಹಾಸಿದ ಚಾಪಿ ಮ್ಯಾಲ ಟಪ್ ಟಪ್ ಅಂತ ಸಾಲಾಗಿ ಬಿಡ್ಕೋತ ಹಿಂದ ಹಿಂದ ಸರೀತಾರ. ಎಲ್ಲಾ ಒಂದೇ ಅಳತಿ. ಕೈ ನಿಂತ್ರ ಪಾಕ ಭಾಂಡಿಯಾಗೇ ಗಟ್ಟಿ ಆಗ್ತದ, ಹಂಗಾಗಿ ಆ ಹೊತ್ತಿನಾಗ ಪ್ರಶ್ನಿ ಕೇಳಬ್ಯಾಡ್ರಿ, ಉತ್ತರ ಬರಂಗಿಲ್ಲ.

ಪಾಕದ ಮಾತು ಬಂತು ಅಂತ ಹೇಳಿಬಿಡ್ತೀನಿ. ಒಂದೆಳಿ ಪಾಕ ಅಂದ್ರ ಎರಡು ಬೆರಳಿನ ನಡುವ ಎಳದ್ರ ಒಂದು ದಾರ ಬರೋದು, ಅದು ಜಿಲೇಬಿ ಜಾಮೂನಿಗೆ. ಉಂಡಿ ಪಾಕ ಅಂದ್ರ ತಣ್ಣೀರಾಗ ಹನಿ ಬಿಟ್ರ ಉಂಡಿ ಕಟ್ಟಲಾಕ ಬರೋದು. ಅದನ್ನೂ ದಾಟಿ ನೀರಾಗ ಬಿದ್ದದ್ದು ಕಟ್ ಅಂತ ಮುರದ್ರ ಅದು ಚಿಕ್ಕಿ, ಗೋಳಿ, ರೇವಡಿಗೆ. ಅಂಗಡಿಯವ್ರು ಪಾಕ ಏರ್ಯದ, ಪಾಕ ಇಳಿದದ ಅಂದ್ರ ಇದೇ.

5. ಮುರದು ನೋಡಿ ತಗೋರಿ

ಒಂದೊಂದು ತಿಂದು ನೋಡ್ಲಾಕ ಕೊಡ್ತಾರ, ನಾಚ್ಕೋಬ್ಯಾಡ್ರಿ.

ಬತ್ತಾಸ ಕೈಯಾಗ ಹಗುರ ಅನ್ನಿಸಬೇಕು. ಮುರದ್ರ ಚಟ್ ಅಂತ ಸಪ್ಪಳ ಆಗಬೇಕು, ಒಳಗ ಸಣ್ಣ ಸಣ್ಣ ತೂತು ಕಾಣಬೇಕು, ನಾಲಿಗಿ ಮ್ಯಾಲ ಇಟ್ರ ಅಗಿಯೋ ಮೊದಲೇ ಕರಗಬೇಕು. ಬಗ್ಗಿದ್ರ, ಒಂದಕ್ಕೊಂದು ಅಂಟಿದ್ರ, ತೇವ ಹಿಡದದ. ತಿಂದ ಮ್ಯಾಲ ಸಾಬಣದಂಗ ಕಹಿ ಉಳೀತದಂದ್ರ ಸೋಡಾ ಜಾಸ್ತಿ ಬಿದ್ದದ. ಒಂಚೂರು ಕೆನಿ ಬಣ್ಣ ಇದ್ರ ಅದು ದೋಷ ಅಲ್ಲ, ಕಣ್ಣು ಕುಕ್ಕೋ ಬಿಳಿನೇ ಬೇಕಂತ ಹಟ ಹಿಡೀಬ್ಯಾಡ್ರಿ, ಗಿರಾಕಿ ಬಿಳಿ ಬಿಳಿ ಅಂದಷ್ಟೂ ಮಾಡೋರು ಬಿಳಿ ಮಾಡೋ ಪುಡಿ ಹಾಕ್ತಾರ.

ರೇವಡಿ ಅಂದ್ರ ಗಟ್ಟಿ ಪಾಕವನ್ನ ಮೊಳಿಗೆ ಸಿಗಸಿ ಎಳದು ಮಡಚಿ ಮತ್ತ ಎಳದು, ಒಳಗ ಗಾಳಿ ಸೇರಿ ಬೆಳ್ಳಗಾದ ಮ್ಯಾಲ ಬಿಲ್ಲಿ ಮಾಡಿ ಎಳ್ಳು ಹಚ್ಚಿದ್ದು. ಇಲ್ಲಿ ನೋಡಬೇಕಾದ್ದು ಎಳ್ಳು. ಮೂಗಿಗೆ ಹಿಡೀರಿ, ಹಳೇ ಎಣ್ಣಿ ವಾಸನಿ ಬಂತಂದ್ರ ಬಿಟ್ಟುಬಿಡ್ರಿ. ಹಲ್ಲಿಗೆ ಕ್ಯಾಪ್ ಹಾಕಿಸಿದವ್ರು ರೇವಡಿ ಸನ್ಯಾಕ ಹೋಗಬ್ಯಾಡ್ರಿ, ಇದು ನಗಿ ಮಾತಲ್ಲ.

ಕುಸುರೆಳ್ಳು ಮಾಡೋದು ಎಲ್ಲಕ್ಕಿಂತ ತಾಳ್ಮಿ ಕೆಲಸ. ಸಣ್ಣ ಉರಿ ಮ್ಯಾಲ ತಾಟಿನಾಗ ಎಳ್ಳು ಹಾಕಿ, ಚಮಚಾದಷ್ಟು ಚಮಚಾದಷ್ಟೇ ಪಾಕ ಬಿಡ್ಕೋತ, ಬೆರಳಿನಿಂದ ಆಡಿಸ್ಕೋತ, ಒಣಗಿಸ್ಕೋತ, ಹಿಂಗ ದಿವಸಗಟ್ಲೆ ಮಾಡಿದ್ರ ಮುಳ್ಳು ಮುಳ್ಳಾಗಿ ಸಕ್ರಿ ಕೂಡ್ತದ. ಎಳ್ಳಿನ ಮ್ಯಾಲಷ್ಟೇ ಅಲ್ಲ, ಸೋಂಪು, ಶೇಂಗಾ, ಪುಟಾಣಿ ಮ್ಯಾಲೂ ಮಾಡ್ತಾರ. ಕೈಯಿಂದ ಮಾಡಿದ್ದರಾಗ ಮುಳ್ಳು ಒಂದು ಉದ್ದ ಒಂದು ಗಿಡ್ಡ ಇರ್ತಾವ. ಎಲ್ಲಾ ಒಂದೇ ಅಚ್ಚಿನಾಗಿಂದ ಬಿದ್ದಂಗ ದುಂಡಗ ಇದ್ರ ಅದು ಮಷೀನಿಂದು. ಮಷೀನಿಂದು ವಿಷ ಏನಲ್ಲ, ಆದ್ರ ಕೈದ್ದರ ರೇಟು ಕೊಟ್ಟು ಅದನ್ನ ತರಬ್ಯಾಡ್ರಿ.

ಶೇಂಗಾ ಚಿಕ್ಕಿ ಬೆಳಕಿಗೆ ಹಿಡೀರಿ, ಬೆಲ್ಲ ಸ್ವಲ್ಪ ಪಾರದರ್ಶಕ ಕಾಣಬೇಕು, ಹಲ್ಲಿಗೆ ಅಂಟದಂಗ ಮುರೀಬೇಕು. ಅಂಟಿದ್ರ ಪಾಕ ಏರಿಲ್ಲ.

ಬಣ್ಣದ್ದು. ಸಕ್ರಿ ಸರ, ಸಕ್ರಿ ಆರತಿ, ಬೊಂಬಾಯಿ ಮಿಠಾಯಿ (ಕಾಟನ್ ಕ್ಯಾಂಡಿ) ಇವೆಲ್ಲಾ ಗುಲಾಬಿ, ಹಳದಿ, ಹಸರು ಇರ್ತಾವ. ರೊಡಮೈನ್-ಬಿ ಅಂತ ಬಟ್ಟಿಗೆ ಹಾಕೋ ಗುಲಾಬಿ ಬಣ್ಣ ಸಿಕ್ಕಿದ್ದಕ್ಕ 2024ರ ಮಾರ್ಚ್‌ನಾಗ ನಮ್ಮ ರಾಜ್ಯ ಸರ್ಕಾರ ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕೋದು ಬಂದ್ ಮಾಡ್ತು, ಗೋಬಿ ಮಂಚೂರಿಗೂ ಅವಾಗೇ. ನನ್ನ ಲೆಕ್ಕ ಸರಳ ಅದ, ಒದ್ದಿ ಬೆರಳಿಗೆ ಉಜ್ಜಿದ ಕೂಡ್ಲೇ ಬಣ್ಣ ಢಾಳಾಗಿ ಹತ್ತಿ ತೊಳದ್ರೂ ಹೋಗಲಿಲ್ಲಂದ್ರ ಹುಡುಗರಿಗೆ ಕೊಡಬ್ಯಾಡ್ರಿ. ಬಿಳಿದು ಕೇಳ್ರಿ, ಎಲ್ಲಾ ಕಡಿ ಬಿಳಿದೂ ಇರ್ತದ. ಸಕ್ರಿ ಸರ ತಿನ್ನೋ ಮುಂದ ನಡುವಿನ ದಾರ ತಗದು ತಿನ್ನಿಸ್ರಿ.

ಬರಣಿಯಾಗಿನ ಪೆಪ್ಪರಮೆಂಟು, ಆರೆಂಜ್ ತೊಳಿ ಆಕಾರದ ಗೋಳಿ, ಹುಣಸಿ ಗೋಳಿ ಇವು ಬಹಳ ಕಡಿ ಕಾರ್ಖಾನಿ ಮಾಲೇ. ಅದರಾಗ ತಪ್ಪೇನಿಲ್ಲ, ಪಾರ್ಲೆ ಕಂಪನಿನೂ ಮುಂಬೈದಾಗ 1929ರಾಗ ಶುರು ಆಗಿದ್ದು ಇಂಥ ಮಿಠಾಯಿ ಮಾಡ್ಲಾಕ, ಬಿಸ್ಕಿಟ್ ಆಮ್ಯಾಲ ಬಂತು. ಹಳೇ ನೆನಪಿಗೆ ನಾಕು ತಗೊಂಡು ಬಾಯಾಗ ಹಾಕ್ಕೊಂಡು ಮುಂದ ನಡೀರಿ, ಕಿಲೋಗಟ್ಲೆ ಕಟ್ಟಿಸಬ್ಯಾಡ್ರಿ. ನಾಕು ವರ್ಷದೊಳಗಿನ ಹುಡುಗರಿಗೆ ಗಟ್ಟಿ ಗೋಳಿ ಕೊಡಲೇಬ್ಯಾಡ್ರಿ, ಗಂಟಲಿಗೆ ಸಿಗ್ತದ.

ಮಾಲ್ಪುರಿ ಬಗ್ಗೆ ಬರೀಲಿಲ್ಲಂದ್ರ ಕಲಬುರಗಿ ಮಂದಿ ನನ್ನ ಬಿಡಂಗಿಲ್ಲ. ಖೋವಾ, ಅಂದ್ರ ಹಾಲು ಕಾಸಿ ಕಾಸಿ ಗಟ್ಟಿ ಮಾಡಿದ್ದು, ಅದನ್ನ ಹಾಕಿ ಮಾಡೋ ಮಾಲ್ಪುರಿ ಈ ಊರಿನ ಹೆಸರಿನ ಜೋಡಿನೇ ಬರ್ತದ. ಇದು ಬರಣಿ ಮಿಠಾಯಿ ಅಲ್ಲ, ಅಲ್ಲೇ ನಿಂತು ಬಿಸಿ ಬಿಸಿ ತಿನ್ನೋದು. ಊರಿಗೆ ಒಯ್ತೀನಿ ಅಂದ್ರ ನಾ ಬ್ಯಾಡ ಅಂತೀನಿ. ಖೋವಾ ಪದಾರ್ಥ ಬ್ಯಾಸಿಗಿಯಾಗ ರಾತ್ರಿ ಟ್ರೇನಿನಾಗ ಹುಳಿ ಬರ್ಲಾಕ ಟೈಮ್ ಹಿಡಿಯಂಗಿಲ್ಲ.

6. ತೂಕ, ರೊಕ್ಕ

ಡಬ್ಬಿ ಸಮೇತ ತೂಕ ಮಾಡೋದು ಹಳೇ ಚಟ. ತೂಕ ಅಳತಿ ಕಾಯ್ದೆ ಪ್ರಕಾರ ರಟ್ಟಿನ ಡಬ್ಬಿ ತೂಕ ಮಿಠಾಯಿ ರೇಟಿನಾಗ ಸೇರಸೂ ಹಂಗಿಲ್ಲ. ಜಗಳ ಮಾಡೋದು ಬ್ಯಾಡ, "ಡಬ್ಬಿ ಬಿಟ್ಟು ತೂಗ್ರಿ ಕಾಕಾ, ನಮ್ಮ ಡಬ್ಬಿಯಾಗೇ ಹಾಕ್ಕೋತೀವಿ" ಅಂದ್ರ ಸಾಕು. ಬಿಡಿ ಮಿಠಾಯಿ ಮುಂದ ಎಷ್ಟು ದಿನದೊಳಗ ತಿನ್ನಬೇಕು ಅನ್ನೋ ತಾರೀಖು ಬರದು ಇಡಬೇಕಂತ 2020ರ ಅಕ್ಟೋಬರ್ 1ರಿಂದ ರೂಲ್ ಅದ. ಸಣ್ಣ ಅಂಗಡಿಯಾಗ ಬೋರ್ಡ್ ಕಾಣಲಿಲ್ಲಂದ್ರ ಬಾಯಿಲೆ ಕೇಳ್ರಿ, ಹೇಳ್ತಾರ.

ಚೌಕಾಸಿ? ಬತ್ತಾಸ ಕುಸುರೆಳ್ಳಿಗೆ ಮಾಡಬ್ಯಾಡ್ರಿ. ಹಬ್ಬದ ಹಿಂದಿನ ದಿನ ರೇಟು ಏರ್ತದ, ಒಂದು ವಾರ ಮೊದಲು ಹೋದ್ರ ಕಡಿಮಿ.

7. ಊರಿಗೆ ಒಯ್ಯೋದು

ಸಕ್ರಿ ಮಿಠಾಯಿ 40 ಡಿಗ್ರಿ ಬಿಸಲಿಗೆ ಕರಗಂಗಿಲ್ಲ, ಅದಕ್ಕ ಹೆದರಿಕಿ ತೇವದ್ದು. ಕಾಗದದ ಪೊಟ್ಟಣದಾಗ ಹಂಗೇ ಬ್ಯಾಗಿಗೆ ತುರುಕಿ ಮಂಗಳೂರು ಮುಂಬೈ ಕಡಿ ಹೋದ್ರ ಇಳಿಯೋ ಹೊತ್ತಿಗೆ ಅಂಟಿನ ಗಂಟು ಆಗಿರ್ತದ. ಅಂಗಡಿಯಾಗೇ ಡಬ್ಬಿಗೆ ಹಾಕಿಸಿ ಮುಚ್ಚಳ ಬಿಗಿ ಮಾಡ್ರಿ, ಊರು ಮುಟ್ಟೋ ತನಕ ತಗೀಬ್ಯಾಡ್ರಿ. ಏಸಿ ಬೋಗಿಯಾಗ ತಣ್ಣಗಾದ ಡಬ್ಬಿಯನ್ನ ಇಳಿದ ಕೂಡ್ಲೇ ಸೆಕಿಯಾಗ ತಗದ್ರ ಒಳಗ ನೀರು ಹನಿ ಕಟ್ತದ, ಒಂದು ತಾಸು ಬಿಟ್ಟು ತಗೀರಿ. ಫ್ರಿಜ್‌ದಾಗ ಇಡಬ್ಯಾಡ್ರಿ, ಅದೂ ಇದೇ ಕತಿ.

ಬತ್ತಾಸ ಮತ್ತ ಬೆಲ್ಲದ ಚಿಕ್ಕಿ ಒಂದೇ ಡಬ್ಬಿಯಾಗ ಹಾಕಬ್ಯಾಡ್ರಿ. ಬೆಲ್ಲ ಬಲೇ ತೇವ ಎಳೀತದ, ತಾನೂ ಮೆತ್ತಗಾಗಿ ಬಾಜೂದ್ದನ್ನೂ ಕೆಡಸ್ತದ. ಅದಕ್ಕೇ ಮೊದಲು ಎರಡು ಡಬ್ಬಿ ತರ್ರಿ ಅಂದಿದ್ದು. ಸಕ್ರಿ ಆರತಿ ಗೊಂಬಿ ಒಯ್ಯೋದಿದ್ರ ಒಂದೊಂದಕ್ಕೂ ಕಾಗದ ಸುತ್ತಿ, ಸಂದಿಯಾಗ ಮಂಡಾಳು (ಮಂಡಕ್ಕಿ) ತುಂಬ್ರಿ, ಕುದರಿ ಕಾಲು ಆನಿ ಸೊಂಡಿಲು ಮುರಿಯಂಗಿಲ್ಲ, ಮಂಡಾಳು ಒಗ್ಗರಣಿಗೆ ಆಗ್ತಾವ.

ಬತ್ತಾಸ ಮಾತ್ರ ಎಷ್ಟು ಜೋಪಾನ ಮಾಡಿದ್ರೂ ತಳದಾಗ ಒಂದು ಹಿಡಿ ಪುಡಿ ಆಗೇ ಆಗ್ತದ. ಚೆಲ್ಲಬ್ಯಾಡ್ರಿ, ರಾತ್ರಿ ಬಿಸಿ ಹಾಲಿಗೆ ಒಂದು ಏಲಕ್ಕಿ ಜಜ್ಜಿ ಹಾಕಿ ಈ ಪುಡಿ ಕಲಸ್ರಿ, ಬ್ಯಾರೆ ಸಕ್ರಿ ಬೇಕಾಗಂಗಿಲ್ಲ.